ತಾರಸಿ ಮೇಲೆ ಕಾರು, ಕಣದ ಮೇಲೆ ಪಿಕಪ್: ಇರುವ ಸ್ಲ್ಯಾಬ್ ತಡೆಯುತ್ತಾ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ಜಾತಿಯವು. ಹಾಕಿ ವರ್ಷಗಟ್ಟಲೆ ಆಗಿರುವ ಕಾಂಕ್ರೀಟ್ ಮೇಲೆ ಈಗ ಗಾಡಿ ಹತ್ತಿಸಬಹುದಾ ಅಂತ ಎಲ್ಲರ ಪ್ರಶ್ನೆ. ಕೊಡಗಿನಲ್ಲಿ ಇದು ಬರಲೇಬೇಕಾದ ಪ್ರಶ್ನೆಯೇ. ಸಮತಟ್ಟು ಜಾಗ ಕಡಿಮೆ, ಗಾಡಿ ಜಾಸ್ತಿ. ಹಾಗಾಗಿ ಈ ಕಂತನ್ನು ಪೂರ್ತಿ ಇದಕ್ಕೇ ಬಿಟ್ಟಿದ್ದೇನೆ. ಮೊದಲ ಪತ್ರಕ್ಕೆ ಉತ್ತರ ಉದ್ದ ಆಯಿತು, ಉಳಿದವರು ಅದನ್ನು ಓದಿಕೊಂಡೇ ತಮ್ಮ ಉತ್ತರಕ್ಕೆ ಬನ್ನಿ.

ಪ್ರಶ್ನೆ: ನಮ್ಮ ಮನೆ ಮಡಿಕೇರಿಯಲ್ಲಿ ಇಳಿಜಾರಿನಲ್ಲಿದೆ. ರಸ್ತೆ ಮೇಲೆ, ಮನೆ ಕೆಳಗೆ. ತಾರಸಿ ಸರಿಯಾಗಿ ರಸ್ತೆ ಮಟ್ಟಕ್ಕೇ ಬರುತ್ತದೆ, ನಡುವೆ ಮೂರೂವರೆ ಅಡಿ ಸಂದು ಮಾತ್ರ. ಕಾರು ನಿಲ್ಲಿಸಲು ಬೇರೆ ಜಾಗ ಇಲ್ಲ. ಸಂದಿಗೆ ಒಂದು ಸ್ಲ್ಯಾಬ್ ಹಾಕಿ ಕಾರನ್ನು ತಾರಸಿ ಮೇಲೆ ತರೋಣ ಅಂತ ಯೋಚನೆ. ಮನೆಗೆ 22 ವರ್ಷ. ಸ್ಲ್ಯಾಬ್ 5 ಇಂಚು ಅಂತ ನಮ್ಮ ತಂದೆ ಹೇಳುತ್ತಿದ್ದರು. ಈಗ ಅವರೂ ಇಲ್ಲ, ಮನೆ ಕಟ್ಟಿದ ಮೇಸ್ತ್ರಿಯೂ ಇಲ್ಲ, ಪ್ಲಾನ್ ಸಿಗುತ್ತಿಲ್ಲ. ಕೆಳಗಿನ ಕೋಣೆ 10 ಅಡಿ ಅಗಲ. ಪಕ್ಕದ ಮನೆಯವರು ಹೀಗೇ ನಿಲ್ಲಿಸುತ್ತಾರೆ, ಅವರಿಗೆ ಏನೂ ಆಗಿಲ್ಲ. ಮೇಲೆ ಇನ್ನೂ 3 ಇಂಚು ಕಾಂಕ್ರೀಟ್ ಹಾಕಿದರೆ ಸ್ಲ್ಯಾಬ್ ಗಟ್ಟಿಯಾಗುತ್ತದೆ ಅಂತ ಒಬ್ಬ ಮೇಸ್ತ್ರಿ ಹೇಳುತ್ತಾರೆ. ಮಾಡಬಹುದಾ?
ಓದುಗರೊಬ್ಬರು, ಮಡಿಕೇರಿ

ಉತ್ತರ: ಈಗಲೇ ಹತ್ತಿಸಬೇಡಿ. ಆ 3 ಇಂಚು ಅಂತೂ ಖಂಡಿತ ಹಾಕಿಸಬೇಡಿ.

ನೀವು ಸ್ಲ್ಯಾಬಿನ ದಪ್ಪ ಬರೆದಿದ್ದೀರಿ, ವಯಸ್ಸು ಬರೆದಿದ್ದೀರಿ, ಕೋಣೆಯ ಅಗಲವನ್ನೂ ಬರೆದಿದ್ದೀರಿ. ಒಳಗೆ ಎಷ್ಟು ಕಂಬಿ ಇದೆ, ಎಲ್ಲಿದೆ, ಈಗ ಹೇಗಿದೆ ಅನ್ನುವುದು ಮಾತ್ರ ಪತ್ರದಲ್ಲಿ ಇಲ್ಲ. ಅದು ನಿಮ್ಮ ತಪ್ಪಲ್ಲ, ಎಲ್ಲರೂ ದಪ್ಪವನ್ನೇ ಕೇಳುವುದು. ಆದರೆ ಸ್ಲ್ಯಾಬ್ ಬಾಗುವಾಗ ಅದರ ಕೆಳಭಾಗ ಎಳೆತಕ್ಕೆ ಸಿಗುತ್ತದೆ. ಎಳೆತದಲ್ಲಿ ಕಾಂಕ್ರೀಟ್ ಏನೇನೂ ಅಲ್ಲ, ಅಲ್ಲಿ ದುಡಿಯುವುದು ಕಂಬಿ. ಲೆಕ್ಕ ಹಾಕಿ ನೋಡಿದರೆ ಆಶ್ಚರ್ಯ ಆಗುತ್ತದೆ. ಇಂಥ ತೆಳು ಸ್ಲ್ಯಾಬಿನಲ್ಲಿ ಕಾಂಕ್ರೀಟ್ ಎಂ20 ದರ್ಜೆಯ ಬದಲು ಅದಕ್ಕಿಂತ ಕಡಿಮೆ ಬಲದ ಎಂ15 ಆಗಿದ್ದರೂ ಬಾಗುವ ಶಕ್ತಿ ನೂರಕ್ಕೆ ಎರಡು ಮೂರು ಪಾಲು ಮಾತ್ರ ಇಳಿಯುತ್ತದೆ. ಕಂಬಿ ಅರ್ಧ ಆಗಿದ್ದರೆ ಶಕ್ತಿಯೂ ಹತ್ತಿರ ಹತ್ತಿರ ಅರ್ಧಕ್ಕೆ ಬರುತ್ತದೆ. ಕಂಬಿ ಸರಿಯಾಗಿಯೇ ಇದ್ದು, ಹಾಕುವಾಗ ಕೆಳಗೆ ಕೂರಬೇಕಾದ್ದು ಒಂದು ಇಂಚು ಮೇಲೆ ಕೂತಿದ್ದರೆ ಕಾಲುಭಾಗ ಶಕ್ತಿ ಹೋಯಿತು. ಮೋಲ್ಡ್ ಹಾಕುವ ದಿನ ಆ ಗಡಿಬಿಡಿಯಲ್ಲಿ ಏನೇನು ಆಗುತ್ತದೆ ಅಂತ ನೋಡಿದವರಿಗೆ ಗೊತ್ತು.

ಈಗ ಭಾರದ ವಿಷಯ. ನಮ್ಮಲ್ಲಿ ಮನೆಯ ಮೇಲೆ ಎಷ್ಟು ಭಾರ ಬರಬಹುದು ಅಂತ ಹೇಳುವ ನಿಯಮ ಐಎಸ್ 875ರ ಎರಡನೇ ಭಾಗ. ಜನ ಓಡಾಡುವ ತಾರಸಿಗೆ ಅದು ಚದರ ಮೀಟರಿಗೆ ಸುಮಾರು 150 ಕೆಜಿ ಹಿಡಿಯುತ್ತದೆ, ವಾಸದ ಕೋಣೆಯ ನೆಲಕ್ಕೆ 200. ಎರಡೂವರೆ ಟನ್ ಒಳಗಿನ ಗಾಡಿ ನಿಲ್ಲುವ ಜಾಗಕ್ಕೆ 250, ಅದರ ಜೊತೆಗೆ ಒಂದೇ ಕಡೆ 900 ಕೆಜಿ ಕೂತರೂ ತಡೆಯಬೇಕು ಅಂತ ಬೇರೆ ಲೆಕ್ಕ. ನಾಲ್ಕು ಟನ್‌ವರೆಗಿನ ಗಾಡಿಗೆ ಇದು 500ಕ್ಕೆ ಏರುತ್ತದೆ. ನಿಮ್ಮದು ತಾರಸಿ. ಮುಂದೆ ಮಹಡಿ ಕಟ್ಟುವ ಯೋಚನೆಯಿಂದ ಕಟ್ಟಿಸಿದ್ದರೆ 200ಕ್ಕೆ ಮಾಡಿರಬಹುದು, ಇಲ್ಲದಿದ್ದರೆ 150. ಯಾರೂ ಲೆಕ್ಕವನ್ನೇ ಹಾಕದೆ "ಎಂಟು ಎಂಎಂ ಕಂಬಿ, ಆರು ಇಂಚಿಗೊಂದು" ಅಂತ ರೂಢಿಯಲ್ಲಿ ಕಟ್ಟಿಸಿರುವ ಸಾಧ್ಯತೆಯೂ ಇದೆ.

ಇಲ್ಲಿ ಒಂದು ವಾದ ಬರುತ್ತದೆ. ಸಣ್ಣ ಕಾರು ಒಂದು ಟನ್, ಅದು ಹಿಡಿಯುವ ಜಾಗ ಆರೇಳು ಚದರ ಮೀಟರ್, ಹಂಚಿದರೆ 150 ಕೆಜಿ ಬಂತಲ್ಲ, ಸರಿಹೋಯಿತಲ್ಲ ಅಂತ. ಹೋಗಲಿಲ್ಲ. ಕಾರು ಗೋಣಿ ಚೀಲದ ಹಾಗೆ ಹರಡಿಕೊಂಡು ಕೂರುವುದಿಲ್ಲ, ನಾಲ್ಕು ಕಾಲಿನ ಮೇಲೆ ನಿಲ್ಲುತ್ತದೆ. ಒಂದೊಂದು ಚಕ್ರ ನೆಲ ಮುಟ್ಟುವ ಜಾಗ ಅಂಗೈಯಷ್ಟು. ಟಯರಿನ ಗಾಳಿ 30 ಪೌಂಡ್ ಇದ್ದು ಚಕ್ರದ ಮೇಲೆ 300 ಕೆಜಿ ಇದ್ದರೆ ಅದು ಕೂರುವುದು ಸುಮಾರು 12 ಸೆಂ.ಮೀ. ಚೌಕದಲ್ಲಿ. ಸ್ಲ್ಯಾಬ್ ಆ ಭಾರವನ್ನು ಆಚೀಚೆ ಹಂಚಿಕೊಳ್ಳುತ್ತದೆ ನಿಜ, ಆದರೆ ಇಡೀ ಕೋಣೆಗೆ ಹಂಚುವುದಿಲ್ಲ. ಜೊತೆಗೆ ಗಾಡಿ ಹತ್ತುವಾಗ ಅಂಚಿನ ಹತ್ತಿರ ದಡಕ್ ಅಂತ ಒಂದು ಏಟು ಬೀಳುತ್ತದೆ, ಅದು ನಿಂತ ಭಾರಕ್ಕಿಂತ ಜಾಸ್ತಿ.

ನಿಮ್ಮ 10 ಅಡಿಗೆ ನಾನೇ ಒಂದು ಅಂದಾಜು ಲೆಕ್ಕ ಹಾಕಿದೆ. 5 ಇಂಚು ಸ್ಲ್ಯಾಬ್, ಎಂ20 ಕಾಂಕ್ರೀಟ್, 8 ಎಂಎಂ ಟಾರ್ ಕಂಬಿ 6 ಇಂಚಿಗೊಂದು, ಕಂಬಿ ಇರಬೇಕಾದ ಜಾಗದಲ್ಲೇ ಇದೆ, ತುಕ್ಕು ಇಲ್ಲ, ಮೇಲೆ ಎರಡು ಇಂಚು ಗಾರೆ ಮಾತ್ರ ಇದೆ ಅಂತ ಇಟ್ಟುಕೊಂಡೆ. ಅಂದರೆ ಎಲ್ಲವೂ ಒಳ್ಳೆಯದೇ ಅಂತ. ಸಣ್ಣ ಕಾರಿಗೆ ಲೆಕ್ಕ ಕೂಡಿಬರುತ್ತದೆ, ಉಳಿಕೆ ಜಾಸ್ತಿ ಇಲ್ಲ. ಲೋಡ್ ಸೇರಿ ಮೂರು ಟನ್ ತೂಗುವ ಪಿಕಪ್ ನಿಲ್ಲಿಸಿದರೆ ಬರುವುದಿಲ್ಲ, ಬೇಕಾದ ಶಕ್ತಿ ಇರುವ ಶಕ್ತಿಯನ್ನು ಮೂರನೇ ಒಂದರಷ್ಟು ಮೀರುತ್ತದೆ. ಕೋಣೆ 10ರ ಬದಲು 14 ಅಡಿ ಇದ್ದರೆ ಸ್ಲ್ಯಾಬಿನ ಸ್ವಂತ ಭಾರವೇ ಅದನ್ನು ಎರಡು ಪಟ್ಟು ಬಾಗಿಸುತ್ತದೆ, ಆಗ ಸಣ್ಣ ಕಾರಿನ ಮಾತೂ ಬೇಡ. ಈ ಲೆಕ್ಕವನ್ನು ಹಿಡಿದುಕೊಂಡು ನಾಳೆ ಕಾರು ಹತ್ತಿಸಬೇಡಿ. ನಾನು "ಇಟ್ಟುಕೊಂಡೆ" ಅಂದ ಒಂದೊಂದು ಮಾತೂ ನಿಮ್ಮ ಮನೆಯಲ್ಲಿ ನಿಜವಾ ಅಂತ ನೋಡಬೇಕಾಗಿದೆ.

ನೋಡುವುದು ಹೇಗೆ? ಕೆಳಗಿನ ಕೋಣೆಯಿಂದ ಶುರು ಮಾಡಿ, ಮೇಲಿನಿಂದ ಅಲ್ಲ. ಹಗಲಲ್ಲೂ ಒಂದು ಟಾರ್ಚ್ ಹಿಡಿದು ಚಾವಣಿಗೆ ಅಡ್ಡಡ್ಡ ಬೆಳಕು ಬಿಡಿ. ನೇರ ಬಿಟ್ಟರೆ ಬಿರುಕು ಕಾಣುವುದಿಲ್ಲ, ಅಡ್ಡ ಬಿಟ್ಟರೆ ಕೂದಲಷ್ಟು ಇದ್ದರೂ ನೆರಳು ಬೀಳುತ್ತದೆ. ಪ್ಲಾಸ್ಟರಿನ ಮೇಲೆ ಜೇಡರ ಬಲೆ ಥರ ಅಡ್ಡಾದಿಡ್ಡಿ ಗೆರೆ ಇದ್ದರೆ ತಲೆಕೆಡಿಸಿಕೊಳ್ಳಬೇಡಿ. ಆದರೆ ನೇರ ಗೆರೆಗಳು, ಅದೂ ಆರಾರು ಇಂಚಿಗೆ ಒಂದರಂತೆ ಸಾಲಾಗಿ ಇದ್ದರೆ ಅದು ಕಂಬಿಯ ಮೈಮೇಲೆ ಬಂದ ಬಿರುಕು, ಒಳಗೆ ತುಕ್ಕು ಶುರುವಾಗಿದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಮೂರು ಪಟ್ಟು ಜಾಗ ಕೇಳುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಕಂದು ಕಲೆ, ಬಿಳಿ ಉಪ್ಪು, ಮಳೆಗಾಲದಲ್ಲಿ ಮಾತ್ರ ಕಾಣುವ ಒದ್ದೆ ಮಚ್ಚೆ ಎಲ್ಲವನ್ನೂ ಪೆನ್ಸಿಲಿನಲ್ಲಿ ಗುರುತು ಮಾಡಿ. ಆಮೇಲೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ಬಿಟ್ಟುಕೊಂಡಲ್ಲಿ ಖಾಲಿ ಡಬ್ಬದ ಹಾಗೆ ಡಬ್ ಅನ್ನುತ್ತದೆ.

ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಜಾಸ್ತಿ ಮಳೆ. ಮೇಲೆ ಶೀಟ್ ಹಾಕಿಸದೆ 22 ಮಳೆಗಾಲ ಬರಿಮೈಯಲ್ಲಿ ನೆನೆದ ತಾರಸಿ ಮೈಸೂರಿನ ಅದೇ ವಯಸ್ಸಿನ ತಾರಸಿಯ ಹಾಗೆ ಇರಲು ಸಾಧ್ಯವೇ ಇಲ್ಲ. 8 ಎಂಎಂ ಕಂಬಿಯನ್ನು ಸುತ್ತಲೂ ಅರ್ಧ ಎಂಎಂ ತುಕ್ಕು ತಿಂದರೆ ಉಳಿಯುವುದು 7. ನೋಡಲು ಏನೂ ಅಲ್ಲ ಅನಿಸುತ್ತದೆ, ಆದರೆ ಕಾಲುಭಾಗದಷ್ಟು ಕಬ್ಬಿಣ ಹೋಗಿರುತ್ತದೆ.

ಇಷ್ಟಾದ ಮೇಲೆ ಕಂಬಿ ಎಣಿಸುವ ಕೆಲಸ. ಕಂಬಿ ಪತ್ತೆ ಮಾಡುವ ಮೀಟರ್ ಇದೆ, ಚಾವಣಿಯ ಕೆಳಮೈ ಮೇಲೆ ಆಡಿಸಿದರೆ ಎಲ್ಲಿ ಕಂಬಿ, ಎಷ್ಟು ಆಳದಲ್ಲಿ ಅಂತ ತೋರಿಸುತ್ತದೆ. ಮೀಟರ್ ಇರಲಿ ಇಲ್ಲದಿರಲಿ, ಒಂದು ಕಡೆಯಾದರೂ ಬಿಚ್ಚಿ ನೋಡಲೇಬೇಕು. ಕೋಣೆಯ ನಟ್ಟನಡುವೆ, ಚಾವಣಿಯ ಕೆಳಮೈಯಲ್ಲಿ, ಒಂದು ಅಡಿ ಚೌಕ. ಉಳಿಯಿಂದ ಹುಷಾರಾಗಿ ಕೆತ್ತಿ ಎರಡು ಮೂರು ಕಂಬಿ ಕಾಣುವಷ್ಟು ತೆಗೆಸಿ. ವರ್ನಿಯರ್‌ನಲ್ಲಿ ದಪ್ಪ ಅಳೆಯಿರಿ, ಕಂಬಿಯಿಂದ ಕಂಬಿಗೆ ಎಷ್ಟು ಅಂತರ ನೋಡಿ, ಎರಡೂ ದಿಕ್ಕಿನಲ್ಲಿ. ಸ್ಲ್ಯಾಬಿನ ದಪ್ಪವನ್ನು ತಂದೆಯವರ ಮಾತಿನಿಂದ ತಗೋಬೇಡಿ. ತಾರಸಿಯಿಂದ ನೀರಿನ ಪೈಪ್ ಇಳಿದ ತೂತು ಇರುತ್ತದಲ್ಲ, ಅಲ್ಲಿ ಅಳೆದು, ಮೇಲಿನ ಗಾರೆ ಮತ್ತು ಕೆಳಗಿನ ಪ್ಲಾಸ್ಟರ್ ಕಳೆಯಿರಿ. ಎಷ್ಟೋ ಮನೆಗಳ "ಐದು ಇಂಚು" ಹೀಗೆ ನಾಲ್ಕಕ್ಕೆ ಇಳಿದಿದೆ. ಸೋರುತ್ತದೆ ಅಂತ ವರ್ಷಾವರ್ಷ ಗಾರೆ ಹಾಕಿಸಿದ ತಾರಸಿಯಾದರೆ ಆ ಪದರಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಎರಡು ಇಂಚು ಗಾರೆ ಅಂದರೆ ಚದರ ಮೀಟರಿಗೆ 100 ಕೆಜಿ, ಕಾರು ಬರುವ ಮೊದಲೇ ಅಷ್ಟು ಮೇಲೆ ಕೂತಿದೆ.

ಮೇಸ್ತ್ರಿಯ 3 ಇಂಚಿನ ಸಲಹೆ ಯಾಕೆ ಬೇಡ ಅಂದೆ ಅಂತ ಈಗ ಗೊತ್ತಾಗಿರಬೇಕು. 3 ಇಂಚು ಹೊಸ ಕಾಂಕ್ರೀಟ್ ಅಂದರೆ ಚದರ ಮೀಟರಿಗೆ 190 ಕೆಜಿಯಷ್ಟು. ಹಳೆಯ ಮೈಗೆ ಹೊಸದು ಕಚ್ಚಿಕೊಳ್ಳದಿದ್ದರೆ ಅದು ಬಲ ಅಲ್ಲ, ಬರೀ ಹೊರೆ. ಕಂಬಿ ಇರುವುದು ಕೆಳಗೆ, ಕಡಿಮೆ ಇರುವುದೂ ಕೆಳಗೆ, ಇವರು ಕಾಂಕ್ರೀಟ್ ಹಾಕುವುದು ಮೇಲೆ. ಹಳೆ ಸ್ಲ್ಯಾಬನ್ನು ಒರಟು ಮಾಡಿ, ಕಂಬಿ ನೆಟ್ಟು, ಎರಡನ್ನೂ ಒಂದೇ ಮೈ ಮಾಡುವ ವಿಧಾನ ಇದೆ, ಅದಕ್ಕೆ ಲೆಕ್ಕ ಬೇಕು. ಸುಮ್ನೆ ಸುರಿಯುವುದಲ್ಲ.

ಪಕ್ಕದ ಮನೆಯ ವಿಷಯ. ಅವರ ಸ್ಲ್ಯಾಬಿನಲ್ಲಿ ಎಷ್ಟು ಕಂಬಿ ಇದೆ ಅಂತ ಅವರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ನನಗಂತೂ ಗೊತ್ತಿಲ್ಲ. ಲೆಕ್ಕ ಹಾಕುವಾಗ ಭಾರವನ್ನು ಒಂದೂವರೆ ಪಟ್ಟು ಹಿಡಿಯುತ್ತೇವೆ, ಅದಕ್ಕೇ ತಪ್ಪು ಮಾಡಿದ ತಕ್ಷಣ ಏನೂ ಬೀಳುವುದಿಲ್ಲ. ಅವರ ಕಾರು ನಿಂತಿರುವುದು ಆ ಉಳಿಕೆಯ ಮೇಲೆ. ಕೆಲವು ವರ್ಷಗಳ ಹಿಂದೆ ನನ್ನ ಪರಿಚಯದವರೊಬ್ಬರು ಹೀಗೇ ತಾರಸಿ ಮೇಲೆ ಜೀಪು ನಿಲ್ಲಿಸುತ್ತಿದ್ದರು. ಎರಡು ವರ್ಷ ಏನೂ ಆಗಲಿಲ್ಲ. ಆಮೇಲೆ ಒಂದು ಜುಲೈಯಲ್ಲಿ ಕೆಳಗಿನ ಮಲಗುವ ಕೋಣೆಯ ಬಾಗಿಲಿನ ಚಿಲಕ ಬೀಳುತ್ತಿಲ್ಲ ಅಂತ ಆಚಾರಿಯನ್ನು ಕರೆಸಿ ಬಾಗಿಲನ್ನು ಹೆರೆಸಿದರು. ಮಳೆಗೆ ಮರ ಉಬ್ಬಿದೆ ಅಂತ ಎಲ್ಲರೂ ಅಂದುಕೊಂಡರು, ನಾನೂ ಹಾಗೇ ಅಂದೆ. ಅವರ ಹೆಂಡತಿ ಗಮನಿಸಿದ್ದು ಬೇರೆ. ಜೀಪು ಮೇಲಿದ್ದರೆ ಚಿಲಕ ಬೀಳುವುದಿಲ್ಲ, ಜೀಪು ತೋಟಕ್ಕೆ ಹೋದರೆ ಬೀಳುತ್ತದೆ. ಸ್ಲ್ಯಾಬ್ ಬಾಗಿ ಅಡ್ಡಗೋಡೆಯ ಮೇಲೆ, ಬಾಗಿಲಿನ ಚೌಕಟ್ಟಿನ ಮೇಲೆ ಕೂರುತ್ತಿತ್ತು. ಜೀಪನ್ನು ಅವತ್ತೇ ಇಳಿಸಿದರು. ಆಮೇಲೆ ಕೆತ್ತಿ ನೋಡಿದರೆ ಕಂಬಿ ಎಂಟು ಇಂಚಿಗೊಂದು.

ಸ್ಲ್ಯಾಬ್ ಒಂದೇ ಅಲ್ಲ, ಅದನ್ನು ಹೊತ್ತವರನ್ನೂ ಕೇಳಬೇಕು. ಚಾವಣಿ ಕೂತಿರುವುದು ಬೀಮಿನ ಮೇಲಾ, ಗೋಡೆಯ ಮೇಲಾ? ಗೋಡೆಯಾದರೆ ಎಷ್ಟು ಇಂಚಿನದು, ಮಣ್ಣಿನ ಗಾರೆಯದಾ? ರಸ್ತೆ ಬದಿಯ ಗೋಡೆ ಬರೆಯ (ಕಡಿದ ಗುಡ್ಡದ) ಮಣ್ಣನ್ನೂ ತಡೆಯುತ್ತಿದೆಯಾ? ಅದು ನನಗೆ ಎಲ್ಲಕ್ಕಿಂತ ಭಯ. ರಸ್ತೆಯ ಅಂಚಿನಲ್ಲಿ ಗಾಡಿ ನಿಂತರೆ ಅದರ ಭಾರ ಮಣ್ಣಿನ ಮೂಲಕ ಗೋಡೆಯನ್ನು ಅಡ್ಡಕ್ಕೆ ತಳ್ಳುತ್ತದೆ. ಮಣ್ಣು ನೀರು ಕುಡಿದಿದ್ದರೆ ಇನ್ನೂ ಜಾಸ್ತಿ. 2018ರ ಆಗಸ್ಟ್‌ನ ಗುಡ್ಡ ಕುಸಿತ ನೋಡಿದ ನಮಗೆ ನೀರು ಕುಡಿದ ಬರೆ ಏನು ಮಾಡುತ್ತದೆ ಅಂತ ಹೇಳಿಕೊಡಬೇಕಾಗಿಲ್ಲ. ಆ ಮೂರೂವರೆ ಅಡಿ ಸಂದು ಇದೆಯಲ್ಲ, ಅದು ನಿಮ್ಮ ಪುಣ್ಯ. ಅದನ್ನು ಮಣ್ಣು ಹಾಕಿ ಮುಚ್ಚಬೇಡಿ.

ಹಾಗಾದರೆ ಕಾರು ಎಲ್ಲಿ? ನನ್ನ ಸಲಹೆ, ಮನೆಯನ್ನು ಮುಟ್ಟದ ಒಂದು ಕಬ್ಬಿಣದ ಮಂಚ. ಮನೆಯ ಪಕ್ಕದಲ್ಲಿ ಜಾಗ ಇದ್ದರೆ ತನ್ನದೇ ಪಾಯದ ಮೇಲೆ ಕಂಬ, ಕಂಬದ ಮೇಲೆ ಐ-ಬೀಮ್, ಅದರ ಮೇಲೆ ತಗಡಿನ ಹಾಸು ಅಥವಾ ಹೊಸ ಸ್ಲ್ಯಾಬ್. ಜಾಗ ಇಲ್ಲದೆ ತಾರಸಿಯ ಮೇಲೆಯೇ ಬರಬೇಕಾದರೆ, ಕೋಣೆಯ ನಡುವೆ ಒಂದು ಕಬ್ಬಿಣದ ಬೀಮ್ ಕೊಟ್ಟು 10 ಅಡಿಯನ್ನು ಐದೈದು ಮಾಡಬಹುದು. ಆಗ ಬಾಗುವ ಒತ್ತಡ ತುಂಬಾ ಇಳಿಯುತ್ತದೆ. ಆದರೆ ಹೊಸ ಬೀಮ್ ಇರುವಲ್ಲಿ ಸ್ಲ್ಯಾಬಿನ ಮೇಲ್ಮೈ ಎಳೆತಕ್ಕೆ ಸಿಗುತ್ತದೆ, ಅಲ್ಲಿ ಮೇಲೆ ಕಂಬಿ ಇಲ್ಲ, ಬಿರುಕು ಬರುತ್ತದೆ, ನಮ್ಮ ಮಳೆ ಸೀದಾ ಆ ಬಿರುಕಿನಲ್ಲೇ ಇಳಿಯುತ್ತದೆ. ಅದಕ್ಕೆ ಮೇಲೆ ಶೀಟಿನ ಚಾವಣಿ ಹಾಕಿಸಿಯೇ ಈ ಕೆಲಸಕ್ಕೆ ಕೈ ಹಾಕಿ. ಬಾಲ್ಕನಿ ಥರ ಹೊರಗೆ ಚಾಚಿದ ಭಾಗದ ಮೇಲೆ ಮಾತ್ರ ಯಾವ ಕಾರಣಕ್ಕೂ ಚಕ್ರ ಬರಬಾರದು. ಅಲ್ಲಿ ಕಂಬಿ ಮೇಲೆ ಇರಬೇಕು, ಮೋಲ್ಡ್ ಹಾಕುವ ದಿನ ಆಳುಗಳು ತುಳಿದು ತುಳಿದು ಅದು ಕೆಳಗೆ ಹೋಗಿರುತ್ತದೆ. ಇನ್ನು ರಸ್ತೆಯ ಅಂಚಿನಲ್ಲಿ ಏನೇ ಕಟ್ಟುವ ಮೊದಲು ಆ ಜಾಗ ನಗರಸಭೆಯದಾ, ಲೋಕೋಪಯೋಗಿ ಇಲಾಖೆಯದಾ ಅಂತ ವಿಚಾರಿಸಿ ಅನುಮತಿ ತಗೊಳ್ಳಿ.

ಪರೀಕ್ಷೆ ಮಾಡಿಸುವುದಾದರೆ, ಪೊನ್ನಂಪೇಟೆಯಲ್ಲೂ ಕುಶಾಲನಗರದಲ್ಲೂ ಇಂಜಿನಿಯರಿಂಗ್ ಕಾಲೇಜು ಇದೆ, ಸಿವಿಲ್ ವಿಭಾಗದಲ್ಲಿ ಕೇಳಿ ನೋಡಿ. ಸ್ಲ್ಯಾಬಿಗೆ ಸ್ಪ್ರಿಂಗ್ ಸುತ್ತಿಗೆ ಹೊಡೆದು ಒಂದು ಅಂಕಿ ಬರೆದುಕೊಟ್ಟು ಹೋಗುವವರ ಮಾತು ಕೇಳಿ ತೀರ್ಮಾನ ಮಾಡಬೇಡಿ. ಅದು ಮೇಲ್ಮೈಯ ಗಡಸುತನ ಹೇಳುತ್ತದೆ, ಅದರ ಅಂದಾಜೇ ನೂರಕ್ಕೆ 25ರಷ್ಟು ಆಚೀಚೆ ಆಗಬಹುದು, ಕಂಬಿಯ ಬಗ್ಗೆ ಏನೂ ಹೇಳುವುದಿಲ್ಲ. ಕೊನೆಯ ಪರೀಕ್ಷೆ ಭಾರ ಹೇರಿ ನೋಡುವುದು. ಕಾಂಕ್ರೀಟ್ ಕಟ್ಟಡಗಳ ನಿಯಮವಾದ ಐಎಸ್ 456ರ ಪ್ರಕಾರ ಬರಬೇಕಾದ ಭಾರದ 1.25 ಪಟ್ಟನ್ನು 24 ಗಂಟೆ ಇಟ್ಟು, ಎಷ್ಟು ಬಾಗಿತು, ತೆಗೆದ ಮೇಲೆ ಎಷ್ಟು ಹಿಂದೆ ಬಂತು ಅಂತ ಅಳೆಯಬೇಕು. 24 ಗಂಟೆಯೊಳಗೆ ಮುಕ್ಕಾಲು ಪಾಲು ಹಿಂದೆ ಬರಬೇಕು. ಇದನ್ನು ಕೆಳಗೆ ಜಾಕಿ ಕೊಟ್ಟು, ಇಂಜಿನಿಯರ್ ಎದುರಿಗೇ ಮಾಡಬೇಕು. ತಾರಸಿಗೆ ಕಟ್ಟೆ ಕಟ್ಟಿ ನೀರು ತುಂಬಿಸಿ ನಾವೇ ನೋಡಿದ್ದೇವೆ ಅನ್ನುವವರಿದ್ದಾರೆ. ಆರು ಇಂಚು ನೀರು ಅಂದರೆ ಚದರ ಮೀಟರಿಗೆ 150 ಕೆಜಿ, ಅದು ತಾರಸಿಯ ಭಾರ, ಚಕ್ರದ ಭಾರ ಅಲ್ಲ.

ಪ್ರಶ್ನೆ: ನಮ್ಮ ಕಾಫಿ ಕಣ 60 ಅಡಿಗೆ 40 ಅಡಿ, 4 ಇಂಚು ಕಾಂಕ್ರೀಟ್, ಕಂಬಿ ಹಾಕಿಲ್ಲ. ಮೊದಲೆಲ್ಲ ಆಳುಗಳೇ ಚೀಲ ಹೊತ್ತು ರಸ್ತೆಗೆ ತರುತ್ತಿದ್ದರು. ಈಗ ಆಳು ಸಿಗುವುದಿಲ್ಲ, ಪಿಕಪ್ ಕಣದೊಳಗೇ ಬರುತ್ತದೆ. ಹೋದ ವರ್ಷ ಮೂಲೆಯಲ್ಲಿ ಒಂದು ತುಂಡು ಮುರಿದು ಕೂತಿತು. ಕಂಬಿ ಇಲ್ಲದ್ದೇ ಕಾರಣವಾ? ಪೂರ್ತಿ ಕಿತ್ತು ಹೊಸದು ಹಾಕಬೇಕಾ?
ಬೆಳೆಗಾರರೊಬ್ಬರು, ಸಿದ್ದಾಪುರ

ಉತ್ತರ: ನಿಮ್ಮದು ಸುಲಭ. ಮೇಲಿನ ಪತ್ರದ ಸ್ಲ್ಯಾಬ್ ಗಾಳಿಯಲ್ಲಿ ನಿಂತಿದೆ, ನಿಮ್ಮದು ನೆಲದ ಮೇಲೆ ಮಲಗಿದೆ. ಇಲ್ಲಿ ಕಂಬಿಗಿಂತ ಅಡಿಯ ಮಣ್ಣು ಮುಖ್ಯ. ಮಣ್ಣು ಗಟ್ಟಿಯಾಗಿ, ಎಲ್ಲ ಕಡೆ ಮುಟ್ಟಿಕೊಂಡಿದ್ದರೆ 4 ಇಂಚು ಕಂಬಿಯಿಲ್ಲದ ಕಾಂಕ್ರೀಟ್ ಕೂಡ ಸಣ್ಣ ಗಾಡಿಯನ್ನು ತಡೆಯುತ್ತದೆ. ಅಡಿಯಲ್ಲಿ ಪೊಳ್ಳು ಇದ್ದರೆ 6 ಇಂಚೂ ಮುರಿಯುತ್ತದೆ.

ಮೂಲೆಯೇ ಯಾಕೆ ಹೋಯಿತು? ಕಣದ ನಡುವೆ ಚಕ್ರ ನಿಂತರೆ ಸುತ್ತಲಿನ ಕಾಂಕ್ರೀಟ್ ನಾಲ್ಕೂ ಕಡೆಯಿಂದ ಹಿಡಿದುಕೊಳ್ಳುತ್ತದೆ, ಅಂಚಿನಲ್ಲಿ ಮೂರು ಕಡೆಯಿಂದ, ಮೂಲೆಯಲ್ಲಿ ಎರಡೇ ಕಡೆಯಿಂದ. ಅದರ ಮೇಲೆ ನಮ್ಮ ಮಳೆ. ಕಣದ ನೀರೆಲ್ಲ ಇಳಿಜಾರಿನ ಮೂಲೆಗೇ ಹರಿದು ಅಂಚಿನಿಂದ ಮಣ್ಣನ್ನು ತೊಳೆಯುತ್ತದೆ. ಇಲಿ, ಏಡಿ ಬಿಲ ಮಾಡಿದ್ದರೆ ಇನ್ನೂ ಸಲೀಸು.

ಪರೀಕ್ಷೆಗೆ ಒಂದು ಹಾರೆ ಸಾಕು. ಹಾರೆಯ ಹಿಂಭಾಗದಿಂದ ಎರಡೆರಡು ಅಡಿಗೆ ಕುಟ್ಟುತ್ತಾ ಹೋಗಿ, ಪೊಳ್ಳು ಇದ್ದಲ್ಲಿ ಸದ್ದು ಬದಲಾಗುತ್ತದೆ. ಸೀಮೆಸುಣ್ಣದಲ್ಲಿ ಸುತ್ತು ಹಾಕಿ. ಕಣ ಒದ್ದೆ ಇರುವಾಗ ಪಿಕಪ್ಪನ್ನು ಖಾಲಿಯಾಗಿ ನಿಧಾನಕ್ಕೆ ಓಡಿಸಿ ಜೋಡುಗೆರೆಗಳನ್ನು, ಅಂದರೆ ಕಾಂಕ್ರೀಟಿನ ತುಂಡುಗಳ ನಡುವೆ ಬಿಟ್ಟ ಸಂದುಗಳನ್ನು, ನೋಡುತ್ತಿರಿ. ಚಕ್ರ ಹೋಗುವಾಗ ಗೆರೆಯಿಂದ ಕೆಸರುನೀರು ಚಿಮ್ಮಿದರೆ ಅಡಿಯಲ್ಲಿ ಮಣ್ಣಿಲ್ಲ, ನೀರಿದೆ. ಜೋಡುಗೆರೆಯೇ ಇಲ್ಲದೆ 60 ಅಡಿ ಒಂದೇ ಮೈ ಹಾಕಿದ್ದರೆ ಅದು ಎಲ್ಲೆಲ್ಲೋ ತನಗೆ ಬೇಕಾದ ಹಾಗೆ ಬಿರಿದಿರುತ್ತದೆ. 4 ಇಂಚಿಗೆ 8ರಿಂದ 12 ಅಡಿಗೊಂದು ಗೆರೆ ಇರಬೇಕಿತ್ತು.

ಪೂರ್ತಿ ಕೀಳಬೇಡಿ, ದುಡ್ಡು ದಂಡ. ಪಿಕಪ್ ಬರುವ ದಾರಿ ಒಂದನ್ನು, ಹತ್ತು ಅಡಿ ಅಗಲಕ್ಕೆ, ಕತ್ತರಿಸಿ ತೆಗೆಸಿ. ಅಡಿಗೆ ಅರ್ಧ ಅಡಿ ಜಲ್ಲಿ ಹಾಕಿ ರೋಲರ್ ಹೊಡೆಸಿ, ಮೇಲೆ 6 ಇಂಚು ಕಾಂಕ್ರೀಟ್ ಹಾಕಿಸಿ. ಅಂಚಿನ ಉದ್ದಕ್ಕೂ ಚರಂಡಿ ತೆಗೆಸಿ, ಅದು ಕಾಂಕ್ರೀಟಿಗಿಂತ ಮುಖ್ಯ. ಉಳಿದ ಕಣಕ್ಕೆ ಗಾಡಿ ಬಿಡಬೇಡಿ. 50 ಕೆಜಿಯ 30 ಚೀಲ ಹೇರಿದರೆ ಒಂದೂವರೆ ಟನ್, ಗಾಡಿ ಸೇರಿ ಮೂರು ಟನ್ ದಾಟುತ್ತದೆ, ಅದರಲ್ಲಿ ಹೆಚ್ಚಿನದು ಹಿಂದಿನ ಎರಡು ಚಕ್ರದ ಮೇಲೆ. ಇನ್ನೊಂದು ಮಾತು, ಕೇಳದೆ ಹೇಳುತ್ತಿದ್ದೇನೆ. ಪಿಕಪ್ಪಿನಿಂದ ಸೋರುವ ಡೀಸೆಲ್, ಆಯಿಲ್ ಮೇಲೆಯೇ ನಾಳೆ ಕಾಫಿ ಒಣಗಿಸುತ್ತೀರಿ. ಕಾಫಿ ವಾಸನೆಯನ್ನು ಎಳೆದುಕೊಳ್ಳುವುದು ನಿಮಗೆ ಗೊತ್ತೇ ಇದೆ.

ಪ್ರಶ್ನೆ: ತೋಟದ ದಾರಿಯಲ್ಲಿ ಒಂದು ತೋಡಿಗೆ 15 ವರ್ಷದ ಹಿಂದೆ ಮೋರಿ ಹಾಕಿದ್ದೇವೆ. ಎರಡು ಬದಿ ಕಲ್ಲಿನ ಗೋಡೆ, ಮೇಲೆ 6 ಇಂಚು ಸ್ಲ್ಯಾಬ್, 8 ಅಡಿ ಅಗಲದ ತೋಡು. ಜೀಪು, ಟ್ರ್ಯಾಕ್ಟರ್ ದಿನಾ ಹೋಗುತ್ತದೆ. ಈಗ ಸಿಲ್ವರ್ ಓಕ್ ಕಡಿಸಿದ್ದೇವೆ. ಲಾರಿಯವರು "ಒಂದು ಸಲ ತಾನೇ, ಏನೂ ಆಗಲ್ಲ" ಅನ್ನುತ್ತಾರೆ. ಬಿಡಬಹುದಾ?
ಓದುಗರು, ಸೋಮವಾರಪೇಟೆ

ಉತ್ತರ: ಬಿಡಬೇಡಿ. ಲಾರಿಯವರಿಗೆ ಒಂದು ಸಲ, ನಿಮಗೆ ಇಡೀ ಮಳೆಗಾಲ.

ಜೀಪಿನ ಒಂದು ಚಕ್ರದ ಮೇಲೆ ಅರ್ಧ ಟನ್. ಎರಡು ಆಕ್ಸಲ್ ಲಾರಿಗೆ ಕಾನೂನಿನ ಮಿತಿಯೇ ಒಟ್ಟು 18.5 ಟನ್, ಹಿಂದಿನ ಆಕ್ಸಲ್ ಮೇಲೆ 11.5. ಅಂದರೆ ಒಂದು ಬದಿಗೆ 5.75 ಟನ್, ಜೀಪಿನ ಹನ್ನೊಂದು ಪಟ್ಟಿಗೂ ಜಾಸ್ತಿ. ಮರದ ಲಾರಿಗಳು ಮಿತಿಯೊಳಗೇ ತುಂಬುತ್ತವೆ ಅಂತ ನೀವು ನಂಬುತ್ತೀರಾ? ಜೀಪು 15 ವರ್ಷ ಹೋಗಿದೆ ಅನ್ನುವುದು ಜೀಪಿಗೆ ಸರ್ಟಿಫಿಕೇಟ್, ಲಾರಿಗೆ ಅಲ್ಲ. ಮರ ತುಂಬಲು ಬರುವ ಜೆಸಿಬಿಯೂ ಏಳೆಂಟು ಟನ್ ಇರುತ್ತದೆ, ಅದನ್ನು ಮರೆಯಬೇಡಿ.

ಇನ್ನು ಗೋಡೆ. ಬೇಸಿಗೆಯಲ್ಲಿ ತೋಡಿಗೆ ಇಳಿದು ಗೋಡೆಯ ಬುಡಕ್ಕೆ ಒಂದು ಕೋಲು ಚುಚ್ಚಿ ನೋಡಿ. ಕೋಲು ಕಲ್ಲಿನ ಅಡಿಗೆ ಹೋದರೆ ನೀರು ಪಾಯವನ್ನು ಕೊರೆದಿದೆ, ಆಗ ಸ್ಲ್ಯಾಬ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಮೋರಿ ಬೀಳುವುದು ಬಹಳ ಸಲ ಬುಡದಿಂದಲೇ.

ಈ ವರ್ಷಕ್ಕೆ ದಾರಿ ಇಷ್ಟೇ: ಟ್ರ್ಯಾಕ್ಟರಿನಲ್ಲಿ ಸ್ವಲ್ಪ ಸ್ವಲ್ಪ ದಾಟಿಸಿ, ಲಾರಿ ಆಚೆ ರಸ್ತೆಯಲ್ಲೇ ನಿಲ್ಲಲಿ. ಒಂದೆರಡು ದಿನದ ಕೂಲಿ ಜಾಸ್ತಿ ಆಗುತ್ತದೆ. ಮುಂದಿನ ವರ್ಷವೂ ಮರ ಕಡಿಸುವುದಿದ್ದರೆ ಹಳೇ ಸ್ಲ್ಯಾಬ್ ತೆಗೆದು ಎನ್‌ಪಿ4 ದರ್ಜೆಯ (ಭಾರೀ ಗಾಡಿ ತಡೆಯುವ) ಹ್ಯೂಮ್ ಪೈಪ್, ಅಂದರೆ ಕಂಬಿ ಹಾಕಿದ ಕಾಂಕ್ರೀಟ್ ಪೈಪ್, ಹಾಕಿಸಿ ಮೇಲೆ ಕನಿಷ್ಠ ಎರಡು ಅಡಿ ಮಣ್ಣು ಕೊಡಿ. ಪೈಪ್ ತೆಳುವಾದದ್ದು ತಗೊಂಡು ಮಣ್ಣು ಅರ್ಧ ಅಡಿ ಹಾಕಿದರೆ ಮತ್ತೆ ಅದೇ ಕಥೆ. ಪೈಪಿನ ಬಾಯಿ ಮಳೆಗಾಲದ ನೀರಿಗೆ ಸಾಕಾಗುತ್ತಾ ಅಂತ ತೋಡಿನ ದಡದಲ್ಲಿ ನೀರಿನ ಗುರುತು ನೋಡಿ ತೀರ್ಮಾನಿಸಿ, ಬೇಸಿಗೆಯ ಸಣ್ಣ ಹರಿವನ್ನು ನೋಡಿ ಅಲ್ಲ.

ಪ್ರಶ್ನೆ: ಕಾರು ನಿಲ್ಲಿಸುವ ಜಾಗದ ಅಡಿಯಲ್ಲೇ ನಮ್ಮ ನೀರಿನ ಸಂಪ್ ಇದೆ. ಮುಚ್ಚಳದ ಮೇಲೆ ಚಕ್ರ ಹೋದಾಗ ಸದ್ದು ಬರುತ್ತದೆ. ಅಪಾಯವಾ?
ಗೃಹಿಣಿಯೊಬ್ಬರು, ಕುಶಾಲನಗರ

ಉತ್ತರ: ಸ್ಲ್ಯಾಬಿಗಿಂತ ಮೊದಲು ಮುಚ್ಚಳವನ್ನು ನೋಡಿ. ಕಾಂಕ್ರೀಟ್ ಮುಚ್ಚಳಗಳಲ್ಲಿ ದರ್ಜೆ ಇದೆ: 2.5 ಟನ್, 10 ಟನ್, 20 ಟನ್, 35 ಟನ್. ಮನೆಯ ಸಂಪಿಗೆ ಬರುವುದು ಸಾಮಾನ್ಯವಾಗಿ ಎಲ್ಲಕ್ಕಿಂತ ಹಗುರದ್ದು, ಅದು ಜನ ನಡೆಯಲಿಕ್ಕೆ. ಕಾರಿನ ದಾರಿಯಲ್ಲಿ 10 ಟನ್ನಿನದು ಇರಲಿ. ಕಬ್ಬಿಣದ ತೆಳು ತಗಡಿನ ಮುಚ್ಚಳವಾದರೆ ಇವತ್ತಿನಿಂದಲೇ ಅದರ ಮೇಲೆ ಚಕ್ರ ಬರದ ಹಾಗೆ ಎರಡು ಹೂಕುಂಡ ಇಟ್ಟುಬಿಡಿ.

ಆಮೇಲೆ ಸಂಪನ್ನು ಖಾಲಿ ಮಾಡಿದಾಗ ಮುಚ್ಚಳ ತೆಗೆದು ಸ್ಲ್ಯಾಬಿನ ಕೆಳಮೈಯ ಫೋಟೋ ತೆಗೆಸಿ, ಮೊಬೈಲನ್ನು ಒಳಗೆ ಚಾಚಿದರೆ ಸಾಕು, ಯಾರೂ ಇಳಿಯುವುದು ಬೇಡ. ಒಳಗಿನ ಹಸಿಗೆ ಕಂಬಿ ಮೊದಲು ಅಲ್ಲೇ ತುಕ್ಕು ಹಿಡಿಯುತ್ತದೆ, ಮೇಲಿನಿಂದ ಟೈಲ್ಸ್ ಪಳಪಳ ಅಂತಿರುತ್ತದೆ. ಕಂದು ಗೆರೆ ಕಂಡರೆ, ಕಾಂಕ್ರೀಟ್ ಉದುರಿದ್ದರೆ, ಕಾರು ಹೊರಗೆ. ಏನೂ ಇಲ್ಲ, ಸಂಪಿನ ಅಗಲವೂ ಐದಾರು ಅಡಿಯೊಳಗೇ ಅಂತಾದರೆ ಒಬ್ಬ ಇಂಜಿನಿಯರಿಗೆ ಆ ಫೋಟೋ ತೋರಿಸಿ, ಕಂಬಿ ಲೆಕ್ಕ ಮಾಡಿಸಿ, ಅವರು ಸರಿ ಅಂದರೆ ಸಣ್ಣ ಕಾರು ನಿಲ್ಲಿಸಿ. ಶೌಚದ ಗುಂಡಿಯ ಮುಚ್ಚಳವಾದರೆ ಈ ಫೋಟೋ ಸಾಹಸವನ್ನೂ ಮಾಡಬೇಡಿ, ಗಾಳಿ ವಿಷ ಇರುತ್ತದೆ, ಕಾರನ್ನೂ ಅದರ ಹತ್ತಿರ ತರಬೇಡಿ.

ಮುಚ್ಚಳ ಬದಲಿಸುವಾಗ ಚೌಕಟ್ಟನ್ನೂ ಜೊತೆಗೇ ಬದಲಿಸಿ. ಹಳೇ ಚೌಕಟ್ಟಿನಲ್ಲಿ ಹೊಸ ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಅಲ್ಲಾಡಿ ಅಲ್ಲಾಡಿ ಅಂಚು ಒಡೆಯುತ್ತದೆ. ಅಲ್ಲಿಯವರೆಗೆ ನೀವು ರಾತ್ರಿ ಎಷ್ಟು ಗಂಟೆಗೆ ಮನೆಗೆ ಬಂದಿರಿ ಅಂತ ಇಡೀ ಬೀದಿಗೆ ಗೊತ್ತಾಗುತ್ತಿರುತ್ತದೆ.